ವಾರೆಂಟ್ ಹಿಡಿದು ಪೊಲೀಸರು ಬಂದರೆ: ಗುಂಪಿನ ವಕೀಲರಿಗೆ ಪ್ರಶ್ನೆಗಳು

ಪ್ರಶ್ನೆ (ತೋಟದ ರೈಟರ್, ಅಂದರೆ ಲೆಕ್ಕಪತ್ರ ನೋಡುವವರು, ದಕ್ಷಿಣ ಕೊಡಗು): ಸರ್, ಈಚೆಗೆ ಒಂದು ರಾತ್ರಿ ನಮ್ಮ ತೋಟದ ಕೂಲಿಯವರ ಲೈನ್ ಮನೆಗಳಿಗೆ ಪೊಲೀಸರು ಬಂದು ಹುಡುಕಿದರು. ಕಾಳುಮೆಣಸು ಕಳವಿನ ಕೇಸು ಅಂದರು. ಬಾಗಿಲು ಬಡಿದದ್ದೂ ಒಳಗೆ ನುಗ್ಗಿದ್ದೂ ಒಟ್ಟಿಗೇ. ಯಾವ ಕಾಗದವೂ ತೋರಿಸಲಿಲ್ಲ. ಏನೂ ಸಿಗಲಿಲ್ಲ, ಹೊರಟುಹೋದರು. ಅಮೆರಿಕದಲ್ಲಿ ಬಾಗಿಲು ತಟ್ಟದೆ ಒಳಗೆ ಹೋಗುವ ವಾರೆಂಟ್ ಬೇಡ ಅಂತ ಕಾನೂನು ತರಲು ಹೊರಟಿದ್ದರಂತೆ. ನಮ್ಮಲ್ಲೂ ಅಂಥದ್ದು ಬರುತ್ತದಾ?

ವಕೀಲರು: ಅಲ್ಲಿನ ಕಥೆ ಮೊದಲು ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ, ಮಧ್ಯರಾತ್ರಿ ಕಳೆದ ಮೇಲೆ ವಾರೆಂಟ್ ಹಿಡಿದು ಬಂದ ಪೊಲೀಸರ ಗುಂಡಿಗೆ ಬ್ರಿಯೊನಾ ಟೇಲರ್ ಎಂಬ ಯುವತಿ ಸತ್ತರು. ಅದೇ ಜೂನ್‌ನಲ್ಲಿ ಆ ನಗರದ ಕೌನ್ಸಿಲ್ ಬಾಗಿಲು ತಟ್ಟದ ವಾರೆಂಟನ್ನೇ ನಿಷೇಧಿಸಿತು. ಹುಡುಕುವಾಗ ಮೈಮೇಲಿನ ಕ್ಯಾಮೆರಾ ಆನ್ ಇರಬೇಕು ಅಂತಲೂ ಹೇಳಿತು. ದೇಶದ ಮಟ್ಟದಲ್ಲಿ ಮಾದಕವಸ್ತು ಕೇಸುಗಳಿಗೆ ಇದೇ ನಿಷೇಧ ಹಾಕುವ ಮಸೂದೆ 2021ರಲ್ಲಿ ಕೆಳಮನೆ ದಾಟಿತು, ಸೆನೆಟ್‌ನಲ್ಲಿ ಕೂತುಬಿಟ್ಟಿತು. ಬಾಗಿಲು ತಟ್ಟಿ ಎಷ್ಟು ಹೊತ್ತು ಕಾಯಬೇಕು ಅನ್ನೋದರ ಮೇಲೇ ಅಲ್ಲಿ ಸುಪ್ರೀಂ ಕೋರ್ಟಿನವರೆಗೆ ಜಗಳ ಹೋಗಿದೆ. 2003ರ ಒಂದು ಕೊಕೇನ್ ಕೇಸಿನಲ್ಲಿ 15–20 ಸೆಕೆಂಡ್ ಸಾಕು ಅಂದರು.

ನಮ್ಮ ಕಾನೂನಿನಲ್ಲಿ ಬಾಗಿಲು ತಟ್ಟುವ ನಿಯಮ ಹೊಸದಾಗಿ ಬರಬೇಕಾಗಿಲ್ಲ, ಈಗಲೇ ಇದೆ. ತಾವು ಯಾರು, ಯಾಕೆ ಬಂದೆವು ಅಂತ ಹೇಳಿ, ಒಳಗೆ ಬಿಡಿ ಅಂತ ಕೇಳಿ, ಆಮೇಲೂ ಬಿಡದಿದ್ದರೆ ಮಾತ್ರ ಬಾಗಿಲು ಒಡೆಯಬಹುದು. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ ಇದ್ದದ್ದೇ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 44ನೇ ಸೆಕ್ಷನ್‌ಗೆ ಬಂದಿದೆ. ಸೆಕೆಂಡಿನ ಲೆಕ್ಕ ಮಾತ್ರ ಇಲ್ಲ.

ಈಗ ನಿಮ್ಮ ರಾತ್ರಿಯ ವಿಷಯ. ಕಳವಿನ ಕೇಸಿನ ತನಿಖೆಯಲ್ಲಿ ವಾರೆಂಟ್ ಇಲ್ಲದೆಯೂ ಹುಡುಕಬಹುದು, ಅದೇ ಬಿಎನ್‌ಎಸ್‌ಎಸ್‌ನ 185ನೇ ಸೆಕ್ಷನ್ ಪ್ರಕಾರ. ಆದರೆ ಸುಮ್ನೆ ಅಲ್ಲ. ವಾರೆಂಟ್ ತರುವಷ್ಟು ಹೊತ್ತು ಯಾಕಿಲ್ಲ, ಏನು ಹುಡುಕುತ್ತಿದ್ದೇವೆ ಅಂತ ಅಧಿಕಾರಿ ಮೊದಲೇ ಬರೆದಿಡಬೇಕು. ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಮಾತು ಇದರ ಮುಂದಿದೆ: ಆ ಮನೆಯಲ್ಲಿ ವಾಸ ಇರುವವರು ಅಥವಾ ಮಾಲೀಕರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಆ ದಾಖಲೆಯ ನಕಲನ್ನು ಪುಕ್ಕಟೆ ಕೊಡಬೇಕು. ಲೈನ್ ಮನೆಯ ಕೂಲಿಯವರೇ ಅರ್ಜಿ ಹಾಕಬಹುದು, ಧಣಿಗಳೇ ಬರಬೇಕೆಂದಿಲ್ಲ. ನಾಳೆಯೇ ಹಾಕಿಸಿ. ಕಾರಣ ಬರೆದೇ ಇಲ್ಲ ಅಂತ ಗೊತ್ತಾದರೆ ಅದೇ ನಿಮ್ಮ ದೂರಿಗೆ ಆಧಾರ.

ಜೊತೆಗೆ ವಿಡಿಯೋ ಕೇಳಿ. ಹೊಸ ಕಾನೂನಿನಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟದ್ದು 105ನೇ ಸೆಕ್ಷನ್ ಒಂದೇ. ಹುಡುಕಾಟ, ಜಪ್ತಿ, ಪಟ್ಟಿ ಬರೆಯುವುದು, ಸಾಕ್ಷಿಗಳ ಸಹಿ, ಎಲ್ಲವೂ ವಿಡಿಯೋ ಆಗಬೇಕು, ಮೊಬೈಲ್ ಆದರೂ ಸರಿ. ಆ ವಿಡಿಯೋ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ‘ಮಳೆಗೆ ಟವರ್ ಸತ್ತಿತ್ತು ಸಾರ್’ ಅನ್ನೋ ಉತ್ತರ ಬರುತ್ತದೆ, ನೋಡ್ತಾ ಇರಿ. ವಿಡಿಯೋ ತೆಗೆಯೋಕೆ ಟವರ್ ಬೇಡ ಅಲ್ವಾ?

ಪ್ರಶ್ನೆ (ಅದೇ ಸದಸ್ಯರು): ಸಾಕ್ಷಿಗೆ ಅಂತ ಇಬ್ಬರನ್ನು ಜೀಪಿನಲ್ಲೇ ಕರೆತಂದಿದ್ದರು. ನಮ್ಮ ಕಡೆಯವರಲ್ಲ. ಇದು ಸರಿಯಾ?

ವಕೀಲರು: ಇಬ್ಬರು ಪಂಚರು ಆ ಜಾಗದವರೇ, ಪಕ್ಷ ಇಲ್ಲದವರು ಆಗಿರಬೇಕು ಅಂತ 103ನೇ ಸೆಕ್ಷನ್ ಹೇಳುತ್ತದೆ. ಅಲ್ಲಿ ಯಾರೂ ಸಿಗದಿದ್ದರೆ, ಸಿಕ್ಕವರು ಒಪ್ಪದಿದ್ದರೆ ಬೇರೆ ಊರಿನವರನ್ನು ತರಬಹುದು. ಪೇಟೆಯಲ್ಲಾದರೆ ಪಕ್ಕದ ಅಂಗಡಿಯವರನ್ನು ಕೂಗಿದರೆ ಆಯ್ತು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗದ್ದೆ ದಾಟಿ, ತೋಟ ಹತ್ತಿ ಹೋಗಬೇಕು. ರಾತ್ರಿ ಆನೆ ಭಯ ಬೇರೆ. ಹಾಗಾಗಿ ಹೊರಗಿನವರನ್ನು ತಂದದ್ದೇ ತಪ್ಪು ಅನ್ನೋಕಾಗದು. ಆದರೆ ನಿಮ್ಮದು ಸಾಲು ಮನೆ. ಅಷ್ಟು ಜನ ಅಲ್ಲೇ ನಿಂತಿದ್ದಾಗ ಒಬ್ಬರನ್ನೂ ಯಾಕೆ ಕರೆಯಲಿಲ್ಲ ಅಂತ ಕೇಳಬಹುದು.

ಅಕ್ಕಪಕ್ಕದವರು ಕೋರ್ಟಿಗೆ ಅಲೆಯಬೇಕಾಗುತ್ತದೆ ಅಂತ ಹೆದರಿ ಒಳಗೆ ಸೇರಿಕೊಳ್ಳುತ್ತಾರೆ. ಕೋರ್ಟ್ ಸಮನ್ಸ್ ಕಳಿಸಿದರೆ ಮಾತ್ರ ಹೋದರೆ ಸಾಕು. ಮನೆಯವರೂ ಹುಡುಕುವಾಗ ಜೊತೆಗೇ ನಿಲ್ಲಬಹುದು, ಅದು ಹಕ್ಕು. ಜಪ್ತಿ ಪಟ್ಟಿಯ ನಕಲು ಕೇಳಿ ಪಡೆಯಿರಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಅಸ್ಸಾಮಿನಿಂದ ಬಂದ ಕೂಲಿಯವರಿಗೆ ಕನ್ನಡ ಓದಲು ಬರದಿದ್ದರೆ, ಓದಿ ಅರ್ಥ ಹೇಳುವ ತನಕ ಹೆಬ್ಬೆಟ್ಟು ಒತ್ತಬಾರದು ಅಂತ ಮೊದಲೇ ಹೇಳಿಡಿ.

ಪ್ರಶ್ನೆ (ಕುಶಾಲನಗರ): ನಿಯಮ ಮುರಿದರೆ ಕೇಸು ಬಿದ್ದುಹೋಗುತ್ತದಾ?

ವಕೀಲರು: ಬಹುಪಾಲು ಇಲ್ಲ. ನೋವಿನ ಜಾಗ ಇದೇ. ಹುಡುಕಿದ ರೀತಿ ತಪ್ಪಾಗಿದ್ದರೂ ಸಿಕ್ಕಿದ ವಸ್ತು ಸಾಕ್ಷ್ಯ ಆಗುತ್ತದೆ ಅಂತ ನಮ್ಮ ಸುಪ್ರೀಂ ಕೋರ್ಟ್ 1973ರ ಡಿಸೆಂಬರ್‌ನಲ್ಲಿ ಪೂರಣ್ ಮಲ್ ಕೇಸಿನಲ್ಲಿ ಹೇಳಿತು. ಅಮೆರಿಕದಲ್ಲೂ 2006ರಲ್ಲಿ, ಬಾಗಿಲು ತಟ್ಟಿ ಕಾಯಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಸಾಕ್ಷ್ಯ ತೆಗೆದುಹಾಕುವುದಿಲ್ಲ ಅಂದರು. ಹಾಗಾಗಿ ಕಾಯುವ ಸೆಕೆಂಡು ಹೆಚ್ಚಿಸುವ ಪ್ರಸ್ತಾಪಗಳ ಬಗ್ಗೆ ನನಗೆ ಅಂಥ ಉತ್ಸಾಹ ಇಲ್ಲ. ನನ್ನನ್ನು ಕೇಳಿದರೆ, ವಿಡಿಯೋ ಇಲ್ಲದ ಜಪ್ತಿಯನ್ನು ಕೋರ್ಟ್ ಮೊದಲು ಅನುಮಾನದಿಂದಲೇ ನೋಡಬೇಕು ಅಂತ ಒಂದು ಸಾಲು ಕಾನೂನಿಗೆ ಸೇರಿಸಲಿ. ಆಗ ಸ್ಟೇಷನ್ನಿನಲ್ಲಿ ಕ್ಯಾಮೆರಾ ತಾನಾಗಿ ಚಾರ್ಜ್ ಆಗುತ್ತದೆ.

ಗಾಂಜಾ ಕೇಸು ಸ್ವಲ್ಪ ಬೇರೆ. ವಾರೆಂಟ್ ಇಲ್ಲದೆ ಸೂರ್ಯ ಮುಳುಗಿದ ಮೇಲೆ ಮನೆಗೆ ಹೋಗಬೇಕಾದರೆ ಮಾದಕವಸ್ತು ಕಾನೂನಾದ ಎನ್‌ಡಿಪಿಎಸ್‌ನ 42ನೇ ಸೆಕ್ಷನ್ ಪ್ರಕಾರ ಕಾರಣ ಬರೆದಿಡಲೇಬೇಕು. ಅಲ್ಲಿ ಕೋರ್ಟುಗಳು ಬಿಗಿಯಾಗಿ ನೋಡುತ್ತವೆ.

ಪ್ರಶ್ನೆ (ಮಡಿಕೇರಿ): ಫೋನ್ ಕಿತ್ತುಕೊಂಡು ಪಾಸ್‌ವರ್ಡ್ ಹೇಳು ಅಂದರೆ?

ವಕೀಲರು: ಇದಕ್ಕೆ ನಮ್ಮ ಹೈಕೋರ್ಟೇ ದಾರಿ ಹಾಕಿದೆ. 2021ರ ವೀರೇಂದ್ರ ಖನ್ನಾ ತೀರ್ಪು ನೋಡಿ. ಸರಿಯಾದ ನಿಯಮ ಬರುವ ತನಕ ಕನಿಷ್ಠ ಇಷ್ಟು ಮಾಡಿ ಅಂತ ಪೊಲೀಸರಿಗೆ ಹೇಳಿದ್ದಾರೆ. ಆಫ್ ಆಗಿರುವ ಸಾಧನವನ್ನು ಆನ್ ಮಾಡಬಾರದು. ಆನ್ ಇದ್ದರೆ ಪರದೆಯ ಫೋಟೋ ತೆಗೆಯಬೇಕು. ಸಿಗ್ನಲ್ ತಡೆಯುವ ಚೀಲದಲ್ಲಿ ಇಡಬೇಕು. ಇಡೀ ದೇಶಕ್ಕೆ ನಿಯಮ ಮಾಡಿ ಅಂತ ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು, ಅಲ್ಲಿಯವರೆಗೆ ಸಿಬಿಐ ಕೈಪಿಡಿ ಪಾಲಿಸುತ್ತೇವೆ ಅಂತ ಕೇಂದ್ರ ಹೇಳಿತು. ದಾರಿಯಲ್ಲಿ ನಿಲ್ಲಿಸಿ ವಾಟ್ಸ್‌ಆ್ಯಪ್ ತೆಗೆದು ತೋರಿಸು ಅನ್ನೋದಕ್ಕೆ ಇವುಗಳಲ್ಲಿ ಯಾವುದೂ ಬೆಂಬಲ ಕೊಡುವುದಿಲ್ಲ.

ಪ್ರಶ್ನೆ (ನಾಪೋಕ್ಲು): ಬೇರೆ ಏನೋ ಹುಡುಕಲು ಬಂದವರು ಗೋಡೆ ಮೇಲಿದ್ದ ಕೋವಿ ತೆಗೆದುಕೊಂಡು ಹೋದರೆ? ನಮ್ಮದು ಜಮ್ಮಾ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿ.

ವಕೀಲರು: ಜಮ್ಮಾ ಹಿಡುವಳಿದಾರರಿಗೂ ಕೊಡವರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2019ರಲ್ಲಿ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ವಿನಾಯಿತಿ ಪತ್ರವನ್ನು ಕೋವಿಯ ಹತ್ತಿರವೇ ಇಡಬೇಡಿ, ಕೈಗೆ ಬೇಗ ಸಿಗುವ ಬೇರೆ ಕಡೆ ಇಡಿ, ಒಂದು ಫೋಟೋ ಫೋನಿನಲ್ಲಿರಲಿ. ಕೊಂಡೊಯ್ದೇ ಬಿಟ್ಟರೆ ಕೋವಿಯ ನಂಬರ್, ತೋಟಾ ಎಷ್ಟು, ಮರದ ಹಿಡಿಯ ಮೇಲೆ ಬಿರುಕಿದೆಯಾ, ಎಲ್ಲ ಮಹಜರಿನಲ್ಲಿ ಬರೆಸಿ. ಆಮೇಲೆ ಬಿಎನ್‌ಎಸ್‌ಎಸ್‌ನ 503ನೇ ಸೆಕ್ಷನ್ ಕೆಳಗೆ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬಹುದು.

ಪ್ರಶ್ನೆ (ಪೊನ್ನಂಪೇಟೆ): ಚೆಕ್ ಬೌನ್ಸ್ ವಾರೆಂಟ್ ಅಂತ ಶನಿವಾರ ಸಂಜೆ ಬಂದಿದ್ದರು. ಅಣ್ಣ ಮನೆಯಲ್ಲಿರಲಿಲ್ಲ. ಬೇಕಂತಲೇ ಶನಿವಾರ ಬರ್ತಾರೆ ಅನ್ನಿಸುತ್ತೆ.

ವಕೀಲರು: ಅನುಮಾನ ನನಗೂ ಇದೆ. ಹಿಡಿದರೆ 24 ಗಂಟೆಯೊಳಗೆ ಹಾಜರುಪಡಿಸಲೇಬೇಕು, ಭಾನುವಾರವಾದರೆ ಮ್ಯಾಜಿಸ್ಟ್ರೇಟರ ಮನೆಗಾದರೂ ಸರಿ. ವಾರೆಂಟ್ ತೋರಿಸಿ ಅಂತ ಕೇಳಿದರೆ ತೋರಿಸಬೇಕು, ಅದರಲ್ಲಿ ಕೋರ್ಟಿನ ಮುದ್ರೆ, ಸಹಿ ಇರಬೇಕು. ಜಾಮೀನು ಕೊಡಬಹುದಾದ ವಾರೆಂಟ್ ಆಗಿದ್ದರೆ ಮೊತ್ತ ಅದರ ಮೇಲೇ ಬರೆದಿರುತ್ತದೆ, ಬಾಂಡ್ ಬರೆದುಕೊಟ್ಟು ಅಲ್ಲೇ ಬಿಡಿಸಿಕೊಳ್ಳಬಹುದು. ತಪ್ಪಿಸಿಕೊಂಡು ತಿರುಗಿದರೆ ವಾರೆಂಟ್ ಸಾಯುವುದಿಲ್ಲ, ಕೋರ್ಟ್ ರದ್ದು ಮಾಡುವ ತನಕ ಜೀವಂತ. ಸೋಮವಾರ ಬೆಳಗ್ಗೆ ಅಣ್ಣನನ್ನೇ ಕರೆದುಕೊಂಡು ಹೋಗಿ ವಾರೆಂಟ್ ರದ್ದು ಕೇಳುವ ರೀಕಾಲ್ ಅರ್ಜಿ ಹಾಕಿಸಿ. ಆಧಾರ್, ಜಾಮೀನುದಾರರ ಆರ್‌ಟಿಸಿ ಜೊತೆಗಿರಲಿ.