‘ಕೂಲ್ ಲೈಟ್’, ‘ಕೂಲ್ ಡೇಲೈಟ್’: ಎರಡಕ್ಕೂ ‘ತಂಪು’ ಅನ್ನಬಹುದೇ?

ಗೆಳೆಯರೇ,

ಕಡಿಮೆ ಖರ್ಚಿನಲ್ಲಿ ಪಾಠದ ವಿಡಿಯೊ ಮಾಡುವ ಮೇಷ್ಟ್ರುಗಳಿಗಾಗಿ ಬೆಳಕಿನ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಶಾಲೆಗಳಲ್ಲಿ ಟ್ಯೂಬ್‌ಲೈಟ್ ಹೇಗೂ ಇರುತ್ತದೆ, ಮೊದಲು ಅದನ್ನೇ ಬಳಸಿಕೊಳ್ಳಲಿ ಅಂತ. ಟ್ಯೂಬ್, ಚೋಕ್, ಸ್ಟಾರ್ಟರ್ ಇವಕ್ಕೆಲ್ಲ ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ. ಅಂಗಡಿಯಲ್ಲಿ ಹಾಗೆ ಕೇಳಿದರೇ ಸಿಗುವುದು. ನಾನು ಸಿಕ್ಕಿಹಾಕಿಕೊಂಡಿರುವುದು ‘ಕೂಲ್’ ಎಂಬ ಪದದಲ್ಲಿ.

ಸ್ಟುಡಿಯೊದವರು ‘ಕೂಲ್ ಲೈಟ್’ ಅಂದರೆ ಅದು ಹೆಚ್ಚು ಬಿಸಿಯಾಗದ ಲೈಟ್. 55 ವ್ಯಾಟಿನ ನಾಲ್ಕು ಟ್ಯೂಬನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿರುತ್ತಾರೆ, ಒಟ್ಟು 220 ವ್ಯಾಟ್. 1000 ವ್ಯಾಟಿನ ಹ್ಯಾಲೋಜನ್ ಎದುರು ಕೂತು ಬೆವರಿದವರಿಗೆ ಈ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ‘ತಂಪು’ ಸರಿಯಾಗಿಯೇ ಕೂರುತ್ತದೆ.

ಟ್ಯೂಬಿನ ಡಬ್ಬಿ ಮೇಲಿನ ‘ಕೂಲ್ ಡೇಲೈಟ್’ ಬೇರೆ. ಅದು ಬಣ್ಣದ ಮಾತು: ಸ್ವಲ್ಪ ನೀಲಿ ಹೊಡೆಯುವ ಬಿಳಿ. ಮುಟ್ಟಿದರೆ ಸುಡುತ್ತದೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಟುಡಿಯೊದ ಕೂಲ್ ಲೈಟಿಗೆ 3200 ಕೆಲ್ವಿನ್‌ನ (ಬೆಳಕಿನ ಬಣ್ಣ ಹೇಳಲು ಬಳಸುವ ತಾಪದ ಅಳತೆ) ಹಳದಿ ಟ್ಯೂಬನ್ನೂ ಹಾಕಬಹುದು. ಆಗಲೂ ಅದು ಕೂಲ್ ಲೈಟೇ, ಬಣ್ಣ ಮಾತ್ರ ವಾರ್ಮ್. ಇದನ್ನು ‘ಬೆಚ್ಚನೆಯ ತಂಪು ಬೆಳಕು’ ಅಂತ ಬರೆದರೆ ಮೇಷ್ಟ್ರು ಕೈಪಿಡಿ ಮುಚ್ಚಿಡುತ್ತಾರೆ, ಅಷ್ಟೇ.

ಕೆಲ್ವಿನ್ ಲೆಕ್ಕ ಇನ್ನೂ ಫಜೀತಿ. ಕಬ್ಬಿಣ ಕಾಯುತ್ತಾ ಹೋದಂತೆ ಮೊದಲು ಕೆಂಪಗೆ, ಆಮೇಲೆ ಹಳದಿ, ಕೊನೆಗೆ ಬೆಳ್ಳಗಾಗುತ್ತದಲ್ವಾ? ಅದೇ ಜಾಡಿನಲ್ಲಿ ಮುಂದೆ ಹೋದರೆ ನೀಲಿ. ಹಾಗಾಗಿ ಮನೆಯ ಹಳದಿ ಬಲ್ಬು 2700 ಕೆಲ್ವಿನ್, ಕೂಲ್ ಡೇಲೈಟ್ ಟ್ಯೂಬು 6500. ‘ತಂಪು’ ಅನ್ನುವುದಕ್ಕೇ ತಾಪದ ಅಂಕಿ ಜಾಸ್ತಿ! ‘ವರ್ಣ ತಾಪಮಾನ’ ಅಂತ ಬರೆಯಬಹುದು, ತಪ್ಪಿಲ್ಲ. ಆದರೆ ಅದನ್ನು ಓದಿದವರು ಟ್ಯೂಬು ಮುಟ್ಟಿ ನೋಡಲು ಹೋಗುತ್ತಾರೆ.

ಇನ್ನೊಂದು ಮಾತು. ತಂಪು ಬೆಳಕು ಅಂದರೆ ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಬೆಳದಿಂಗಳು. ನಡುಹಗಲಿನ ಬಿಸಿಲನ್ನು ಯಾರೂ ತಂಪು ಅನ್ನುವುದಿಲ್ಲ. ಆದರೆ ಡಬ್ಬಿಯ ಭಾಷೆಯಲ್ಲಿ ನಡುಹಗಲಿನದು ಕೂಲ್ ಕಡೆಯ ಬಣ್ಣ, ಎಳೆಬಿಸಿಲಿನದು ವಾರ್ಮ್. ಇದನ್ನೇ ಹಿಡಿದು ‘ಎಳೆಬಿಸಿಲ ಬಣ್ಣ’, ‘ನಡುಹಗಲ ಬಣ್ಣ’ ಅಂತ ಎರಡು ಪದ ಇಟ್ಟುಕೊಂಡಿದ್ದೇನೆ, ಪಕ್ಕದಲ್ಲೇ ಕೆಲ್ವಿನ್ ಅಂಕಿ. ಬಿಸಿ–ತಂಪು ಎರಡೂ ಬಣ್ಣದ ಗೊಡವೆಗೆ ಬರದಿದ್ದರೆ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ.

ಕೊಳ್ಳುವಾಗ ನಿಜಕ್ಕೂ ನೋಡಬೇಕಾದ್ದು ಟ್ಯೂಬಿನ ತುದಿಯಲ್ಲಿ ಅಚ್ಚಾಗಿರುವ ಸಣ್ಣ ಅಂಕಿ. ‘36ಡಬ್ಲ್ಯು/865’ ಅಂತಿದ್ದರೆ 36 ವ್ಯಾಟ್. ಆಮೇಲಿನ 8 ಅಂದರೆ ಬಣ್ಣಗಳನ್ನು ಇದ್ದಹಾಗೆ ತೋರಿಸುವ ಗುಣಕ್ಕೆ 100ರಲ್ಲಿ 80ರ ಮೇಲೆ, 65 ಅಂದರೆ 6500 ಕೆಲ್ವಿನ್. ಅದರ ಪಕ್ಕದಲ್ಲೇ ‘54-765’ ಇರಬಹುದು, ಅದರಲ್ಲಿ ನೋಡಬೇಕಾದ್ದು ಕೊನೆಯ ಮೂರಂಕಿ. ಡಬ್ಬಿ ಮೇಲೆ ಎರಡೂ ಕೂಲ್ ಡೇಲೈಟೇ! ಆದರೆ 7ರಿಂದ ಶುರುವಾಗುವುದರಲ್ಲಿ ವಿಡಿಯೊ ಮಾಡಿದರೆ ಮುಖ ಹಸಿರು ಹೊಡೆಯುತ್ತದೆ. 9ರಿಂದ ಶುರುವಾಗುವುದು ಸಿಕ್ಕರೆ ಇನ್ನೂ ವಾಸಿ, ರೇಟು ಜಾಸ್ತಿ. ಬಣ್ಣ ಇದ್ದಹಾಗೆ ತೋರಿಸುವ ಈ ಗುಣವನ್ನು ಸುಮ್ನೆ ‘ಸಿಆರ್‌ಐ’ (ಕಲರ್ ರೆಂಡರಿಂಗ್ ಇಂಡೆಕ್ಸ್) ಅಂತಲೇ ಬಿಟ್ಟಿದ್ದೇನೆ. ಯಾವ ಅಂಕಿಯದೇ ತಂದರೂ ಎಲ್ಲ ಟ್ಯೂಬೂ ಒಂದೇ ನಂಬರಿನದಿರಬೇಕು. ಅದರ ಜೊತೆ ಹಳದಿ ಬಲ್ಬು ಉರಿಯುತ್ತಿದ್ದರೆ ಅರ್ಧ ಮುಖ ಅರಿಶಿನ ಹಚ್ಚಿದ ಹಾಗೆ ಬರುತ್ತದೆ.

ಎರಡನೇ ತೊಡಕು ‘ಫ್ಲಿಕರ್’. ‘ಮಿಣುಕು’ ಅಂತ ಬರೆದಿದ್ದೆ. ಆದರೆ ಟ್ಯೂಬ್‌ಲೈಟ್ ಮಿಣುಕುತ್ತಿದೆ ಅಂದರೆ ನಮಗೆ ಸ್ಟಾರ್ಟರ್ ಹೋಗಿದೆ ಅಂತ ಅರ್ಥ. ಇಲ್ಲಿ ಹೇಳಬೇಕಾದ್ದು ಕಣ್ಣಿಗೆ ಕಾಣದ್ದು. ನಮ್ಮ ಕರೆಂಟು 50 ಹರ್ಟ್ಸ್. ಕಾಪರ್ ಚೋಕ್ ಇದ್ದರೆ ಟ್ಯೂಬಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರಾದ ಶಟರ್ 1/60 ಸೆಕೆಂಡ್ ಇದ್ದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಮೇಲಕ್ಕೋ ಕೆಳಕ್ಕೋ ಹರಿಯುತ್ತಿರುತ್ತವೆ. 1/50 ಅಥವಾ 1/100 ಇಟ್ಟರೆ ಹೋಗುತ್ತವೆ. ಎಲೆಕ್ಟ್ರಾನಿಕ್ ಚೋಕ್ ಹಾಕಿಸಿದರೆ ಸಾಮಾನ್ಯವಾಗಿ ಈ ತಲೆನೋವೇ ಇಲ್ಲ. ಅದರ ಏರಿಳಿತ ಸೆಕೆಂಡಿಗೆ ಸಾವಿರಾರು ಸಲ, ಕ್ಯಾಮೆರಾಕ್ಕೆ ಸಿಗುವುದಿಲ್ಲ. ಇದಕ್ಕೆ ‘ಪಟ್ಟೆ ಹರಿಯುವುದು’ ಅಂತ ಬರೆದರೆ ಸಾಕೇ? ಕಾರಣ ಬಿಟ್ಟು ಕಾಣುವುದನ್ನಷ್ಟೇ ಹೇಳಿದ ಹಾಗಾಗುತ್ತದೆ, ಆದರೆ ಮೇಷ್ಟ್ರಿಗೆ ಕಾಣುವುದೂ ಅದೇ.

ಎಲ್‌ಇಡಿ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಕೇಳುವವರಿದ್ದೀರಿ. ನಿಜ, ಪಾದರಸವಿರುವ ಈ ಟ್ಯೂಬುಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಬೇಕೆಂದು ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಗೋಡೆಯಲ್ಲಿ ಈಗಾಗಲೇ ಇರುವುದನ್ನು ಕೆಡುವವರೆಗೆ ಬಳಸಬಹುದಲ್ಲ. ಮೇಲಾಗಿ ಎಲ್‌ಇಡಿ ಡಬ್ಬಿ ಮೇಲೂ ಇದೇ ‘ಕೂಲ್’, ‘ವಾರ್ಮ್’.

ಸ್ಟುಡಿಯೊದಲ್ಲಿ, ಮದುವೆ ವಿಡಿಯೊದಲ್ಲಿ, ನಾಟಕದ ಬೆಳಕಿನ ಕೆಲಸದಲ್ಲಿ ಇರುವವರು ದಯವಿಟ್ಟು ತಿಳಿಸಿ: ಹೀಗೆ ಹಳದಿ ಕಡೆಗೆ ಅಥವಾ ನೀಲಿ ಕಡೆಗೆ ವಾಲಿದ ಬಿಳಿಗೆ ನಿಮ್ಮ ಕಡೆ ಕೆಲಸದವರು ಏನನ್ನುತ್ತಾರೆ? ‘ಎಳೆಬಿಸಿಲ ಬಣ್ಣ’ ಅವರ ಬಾಯಲ್ಲಿ ನಿಲ್ಲುತ್ತದೆಯೇ, ಇಲ್ಲ ನಕ್ಕು ‘ಯಲ್ಲೋ ಲೈಟ್’ ಅಂತಲೇ ಅನ್ನುತ್ತಾರಾ?