ಗಾಡಿ ಕಾಟವಿಲ್ಲದ ರಸ್ತೆ ಬೇಕು: ಫ್ರಾನ್ಸ್‌ನ ನದಿ, ಜೌಗು ಸೀಮೆಯಲ್ಲಿ ಸೈಕಲ್ ಹೊಡೆದವರು ಹೇಳಿ

ಕೇಳಿದವರು, ಪ್ಯಾರಿಸ್ ಪಕ್ಕದಿಂದ

ನಾವು ಮೂವರು. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು. ಊರು ಶಿವಮೊಗ್ಗ, ಸದ್ಯಕ್ಕೆ ಪ್ಯಾರಿಸ್ ಹತ್ತಿರ ವಾಸ. ಜುಲೈ ಎರಡನೇ ವಾರ ರಜೆ ಸಿಕ್ಕಿದೆ. ದಿನಕ್ಕೆ 35-40 ಕಿ.ಮೀ. ಸಾಕು. ಏರು ಬೇಡ, ಲಾರಿ ಬೇಡ. ಪಕ್ಕದಲ್ಲಿ ಲಾರಿ ಭರ್ರಂತ ಹೋದರೆ ಮಗಳಿಗೆ ಹ್ಯಾಂಡಲ್ ನಡುಗುತ್ತದೆ. ನೀರು, ಮರ, ಹಕ್ಕಿ ಇರುವ ಕಡೆ ಯಾರಾದರೂ ಹೋಗಿದ್ದೀರಾ? ಸುಮ್ನೆ "ಚೆನ್ನಾಗಿದೆ" ಅನ್ನಬೇಡಿ, ಎಲ್ಲಿ ಎಡವಿದಿರಿ ಅದನ್ನೂ ಹೇಳಿ.

ನಿಯೋರ್‌ನಲ್ಲಿ ಎರಡು ವರ್ಷ ಇದ್ದವರು

ಮೇಡಂ, ಕಣ್ಣು ಮುಚ್ಚಿಕೊಂಡು ಪಶ್ಚಿಮ ಫ್ರಾನ್ಸ್‌ನ ಮಾರೆ ಪ್ವಾತ್ವ್ಯಾಂ ಜೌಗಿಗೆ ಹೋಗಿ. ನಿಯೋರ್ ಇನ್ಶೂರೆನ್ಸ್ ಕಂಪನಿಗಳ ಊರು, ನಾನು ಅಲ್ಲಿದ್ದಿದ್ದೂ ಆ ಕೆಲಸಕ್ಕೇ. ಊರು ದಾಟಿದರೆ ಸೆವ್ರ್ ನಿಯೋರ್ತೇಜ್ ನದಿ, ಅದರ ಬೆನ್ನಿಗೇ ಜೌಗು. ಹೆಚ್ಚುಕಮ್ಮಿ 1 ಲಕ್ಷ ಹೆಕ್ಟೇರ್. ಫ್ರಾನ್ಸ್‌ನಲ್ಲಿ ದಕ್ಷಿಣದ ಕಾಮಾರ್ಗ್ ಜೌಗು ಬಿಟ್ಟರೆ ಇದೇ ದೊಡ್ಡದು.

ಆದರೆ ಇಲ್ಲಿ ಎರಡು ಜೌಗು ಇವೆ, ಒಂದು ಒದ್ದೆ, ಒಂದು ಒಣ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹೆಸರು. ನಾವು ಮೊದಲ ಸಲ ಎಡವಿದ್ದು ಅಲ್ಲೇ.

ಒದ್ದೆ ಜೌಗು ಅಂದರೆ ಕೂಲೋಂ, ಆರ್ಸೆ, ದಾಂವಿ ಊರುಗಳ ಸುತ್ತಮುತ್ತ. ರಸ್ತೆಗಿಂತ ಕಾಲುವೆ ಜಾಸ್ತಿ. ದಂಡೆ ಕುಸಿಯದ ಹಾಗೆ ಆ್ಯಶ್ ಮರ ನೆಟ್ಟಿದ್ದಾರೆ. ಕೆಲವು ವರ್ಷಕ್ಕೊಮ್ಮೆ ತಲೆ ಕಡಿದು ಕಡಿದು ಒಂದೊಂದು ಮರವೂ ಮುಷ್ಟಿ ಎತ್ತಿ ನಿಂತ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆಲ್ಲ ಸಣ್ಣೆಲೆಯ ಪಾಚಿಯಂಥ ಗಿಡ ಹರಡಿರುತ್ತದೆ. ನಮ್ಮ ಹುಡುಗ ಅದನ್ನು ಹುಲ್ಲು ಅಂದುಕೊಂಡು ಕಲ್ಲೆಸೆದ. ಪಚಕ್ ಅಂತ ಕಪ್ಪಗೆ ಒಂದು ತೂತು ಬಿತ್ತು, ನೋಡ್ತಾ ನೋಡ್ತಾ ಹಸಿರು ಮತ್ತೆ ಕೂಡಿಕೊಂಡಿತು. ಆಮೇಲೆ ಅರ್ಧ ಗಂಟೆ ಅವನನ್ನು ಅಲ್ಲಿಂದ ಎಬ್ಬಿಸಲು ಆಗಲಿಲ್ಲ. ದೋಣಿಯವರು ಉದ್ದ ಗಳದಿಂದ ತಳ ಕೆದಕಿ, ಮೇಲೆ ಬರುವ ಗ್ಯಾಸಿಗೆ ಬೆಂಕಿ ಹಚ್ಚಿ ತೋರಿಸುತ್ತಾರೆ. ನಿಮ್ಮ ಮಗಳಿಗೆ ಖಂಡಿತ ಇಷ್ಟವಾಗುತ್ತದೆ.

ಕೆಲವು ಕಡೆ ಕಾಲುವೆಗೆ ಸೇತುವೆ ಇರುವುದಿಲ್ಲ, ಸರಪಳಿ ಕಟ್ಟಿದ ಚಪ್ಪಟೆ ದೋಣಿ ಇರುತ್ತದೆ. ನಡೆಸುವವರು ಯಾರೂ ಇಲ್ಲ. ದೋಣಿ ಆಚೆ ದಡದಲ್ಲಿದ್ದರೆ ಈಚೆಯಿಂದ ಸರಪಳಿ ಎಳೆದು ಕರೆಸಿಕೊಳ್ಳಬೇಕು. ಸರಪಳಿ ತಣ್ಣಗೆ, ಲೋಳೆ ಲೋಳೆಯಾಗಿ ಕೈಗೆ ಬರುತ್ತದೆ. ಬ್ಯಾಗ್ ಕಟ್ಟಿದ ಸೈಕಲ್ ಇಳಿಸುವಾಗ ಒಬ್ಬರು ದೋಣಿ ಹಿಡಿದಿರಲೇಬೇಕು. ನಾನು ಹಿಡಿಯಲಿಲ್ಲ. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ, ಮಧ್ಯೆ ಸೈಕಲ್. ಶೂ ಒಣಗಲು ಎರಡು ದಿನ ಬೇಕಾಯಿತು.

ಇನ್ನು ಒಣ ಜೌಗು. ಸಮುದ್ರದ ಕಡೆಗಿದೆ. ಮಠದ ಸನ್ಯಾಸಿಗಳು ಕಾಲುವೆ ತೋಡಿ ಬಸಿದ ನೆಲ. ಐದು ಮಠಗಳು ಸೇರಿ 1217ರಲ್ಲಿ ತೋಡಿಸಿದ ಕಾಲುವೆಗೆ ಈಗಲೂ "ಐದು ಮಠಾಧಿಪತಿಗಳ ಕಾಲುವೆ" ಅಂತಲೇ ಹೆಸರು. ಆಮೇಲೆ ನಾಲ್ಕನೇ ಹೆನ್ರಿ ದೊರೆ ಈ ಕೆಲಸಕ್ಕೆ ಹಾಲೆಂಡ್ ಕಡೆಯವರನ್ನು ಕರೆಸಿದ. ಗಾಡಿ ಕಮ್ಮಿ, ನಿಜ. ಆದರೆ ಗೋಧಿ, ಮೆಕ್ಕೆಜೋಳದ ಹೊಲದ ನಡುವೆ ನೂಲು ಹಿಡಿದ ಹಾಗೆ ರಸ್ತೆ, ಒಂದು ಮರದ ನೆರಳಿಲ್ಲ. ಮುಂದಿನ ಊರಿನ ಚರ್ಚ್ ಗೋಪುರ ಕಣ್ಣಿಗೆ ಬಿದ್ದು ಮುಕ್ಕಾಲು ಗಂಟೆ ತುಳಿದರೂ ಹತ್ತಿರ ಬರುವುದಿಲ್ಲ. ಊರಿನ ಬಾಗಿಲಲ್ಲಿ ಒಂದು ಚಿಕ್ಕ ಏರು ಸಿಗುತ್ತದೆ. ಅದು ಒಂದು ಕಾಲದ ದ್ವೀಪ. ಇಲ್ಲೆಲ್ಲ ಹಿಂದೆ ಸಮುದ್ರ ಇತ್ತು. ಮರಾಂ, ಮಯೆಝೆ ಎಲ್ಲ ನೀರಿನ ಮಧ್ಯದ ದಿಣ್ಣೆಗಳೇ. ಮಯೆಝೆಯ ಪಾಳು ಮಠ ಮಾತ್ರ ಬಿಡಬೇಡಿ, ಹಳೆಯ ಫ್ರೆಂಚ್ ಲೇಖಕ ರಾಬೆಲೇ ಇದ್ದ ಜಾಗ.

ಜುಲೈ ಅಂದಿರಲ್ಲ, ಕೂಲೋಂನಲ್ಲಿ ಜಾತ್ರೆ. ಹನ್ನೊಂದು ಗಂಟೆ ಆಯಿತೆಂದರೆ ಬಾಡಿಗೆ ಸೈಕಲ್‌ಗಳ ಸಾಲು. ಒಂಬತ್ತರೊಳಗೆ ಹೊರಡಿ. ಆಮೇಲೆ ಮಧ್ಯಾಹ್ನ ಹನ್ನೆರಡರಿಂದ ಎರಡು ಇಡೀ ಸೀಮೆ ಊಟಕ್ಕೆ ಕೂತಿರುತ್ತದೆ, ಟ್ರ್ಯಾಕ್ಟರ್ ಕೂಡ ಕಾಣುವುದಿಲ್ಲ. ಕಾರು ಓಡುವ ರಸ್ತೆಯಲ್ಲಿ ಹೋಗಲೇಬೇಕಾದ ತುಂಡನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಅಂಗಡಿಗಳೂ ಆಗ ಮುಚ್ಚಿರುತ್ತವೆ, ಹಾಗಾಗಿ ಬ್ರೆಡ್ಡು, ಹಣ್ಣು ಬೆಳಿಗ್ಗೆಯೇ ಕಟ್ಟಿಕೊಳ್ಳಿ.

ಲ್ವಾರ್ ನದಿಗುಂಟ ಹೋದವರು, ಈಗ ನಾಂತ್‌ನಲ್ಲಿ

ಅಣ್ಣ ಹೇಳಿದ್ದು ಸರಿ. ನನ್ನದೊಂದು ಮಾತು ಸೇರಿಸ್ತೀನಿ: ಇಲ್ಲಿ ಏರು ಇಲ್ಲ ಅಂತ ಖುಷಿಪಡಬೇಡಿ, ಗಾಳಿ ಇದೆ.

ಲ್ವಾರ್ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತದೆ. ನದಿ ಜೊತೆ ಹೋದರೆ ಇಳಿಜಾರು, ಸಲೀಸು ಅಂದುಕೊಂಡು ನಾವು ಸೋಮ್ಯೂರ್‌ನಿಂದ ನಾಂತ್ ಕಡೆ ಹೊರಟೆವು. ಗಾಳಿ ಬಹುಪಾಲು ಸಮುದ್ರದ ಕಡೆಯಿಂದಲೇ ಬೀಸುತ್ತದಲ್ಲ, ಮೂರು ದಿನ ಮುಖಕ್ಕೇ ಹೊಡೆಯಿತು. ಸಮತಟ್ಟು ರಸ್ತೆಯಲ್ಲಿ ಚಿಕ್ಕ ಗೇರ್. ನಮ್ಮವರು ಎರಡನೇ ದಿನ ಮಾತು ಬಿಟ್ಟರು. ಮುಂದಿನ ವರ್ಷ ರೈಲಿನಲ್ಲಿ ಸೈಕಲ್ ಹಾಕಿಕೊಂಡು ನಾಂತ್‌ಗೆ ಬಂದು, ಅಲ್ಲಿಂದ ಮೇಲಕ್ಕೆ ತುಳಿದೆವು. ಅದೇ ದಾರಿ, ಬೇರೆಯೇ ರಜೆ.

'ಲ್ವಾರ್ ಅ ವೆಲೊ' ಅನ್ನೋದು ನದಿಗುಂಟ ಸುಮಾರು 900 ಕಿ.ಮೀ. ಸೈಕಲ್ ದಾರಿ, ಪೂರ್ತಿ ಮಾಡೋಕೆ ಹೋಗಬೇಡಿ. ಆಂಜೆ ಮತ್ತು ಸೋಮ್ಯೂರ್ ನಡುವೆ ದಕ್ಷಿಣ ದಡದಲ್ಲೇ ಇರಿ. ಉತ್ತರದ ಕಡೆ ಪ್ರವಾಹಕ್ಕೆಂದು ಕಟ್ಟಿದ ಏರಿಯ ಮೇಲೆ ಡಿ 952 (ಡಿ ಅಂದರೆ ಜಿಲ್ಲಾ ರಸ್ತೆ) ಓಡುತ್ತದೆ. ನೋಡಲು ಚಂದ, ಆದರೆ ಕಾರುಗಳದ್ದೇ ರಾಜ್ಯ. ಆಂಜೆಯಿಂದ ನಾಂತ್ ಕಡೆಗೆ ಬಂದರೆ ಬೆಯುವಾರ್ ಅಂತ ನದಿಯ ನಡುವೆ ಒಂದು ದ್ವೀಪದ ಊರಿದೆ. ಯಾವ ವರ್ಷ ನೀರು ಎಲ್ಲಿಯವರೆಗೆ ಬಂತು ಅಂತ ಗೋಡೆಯಲ್ಲಿ ಗುರುತು ಹಾಕಿದ್ದಾರೆ. ಕೆಲವು ನನ್ನ ತಲೆಗಿಂತ ಮೇಲಿದ್ದವು.

ನಾಂತ್‌ನಿಂದ ಸಮುದ್ರದ ಕಡೆಗೂ ಒಂದು ದಿನ ಇಡಬಹುದು. ಕುಎರೋಂ ಮತ್ತು ಲ ಪೆಲ್ರ್ಯಾಂ ನಡುವೆ ನದಿ ದಾಟಿಸುವ ಬಾರ್ಜ್‌ಗೆ ಕಾಸಿಲ್ಲ. ಆಚೆ ಮಾರ್ತಿನಿಯೇರ್ ಕಾಲುವೆ. ಹಡಗು ಓಡಿಸಬೇಕು ಅಂತ 1892ರಲ್ಲಿ ಮುಗಿಸಿದರು, ಸ್ವಲ್ಪ ಕಾಲಕ್ಕೇ ಬೇಡವಾಯಿತು. ಈಗ ಮೀನು ಹಿಡಿಯುವವರು, ಕೊಕ್ಕರೆ, ಸೈಕಲ್ಲು, ಅಷ್ಟೇ.

ಬೆಂಗಳೂರಿನ ದೂರದ ಸವಾರರು

2023ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ದೂರದ ಸೈಕಲ್ ಸವಾರಿಗೆ ಬಂದವನು ನಾನು. 90 ಗಂಟೆಯಲ್ಲಿ 1,200 ಕಿ.ಮೀ. ಮುಗಿಸಿದ ಮೇಲೆ ಕಾಲು ಆರಲಿ ಅಂತ ವಾಂದೇ ಸೀಮೆಯಲ್ಲಿ ಒಂದು ವಾರ ಆರಾಮಾಗಿ ತಿರುಗಿದೆ.

ಬೋರ್ಡು ಹಾಕಿದ ಸೈಕಲ್ ದಾರಿ ನಂಬಿ ಕೂರಬೇಡಿ. ಕಾಲುವೆ ದಂಡೆ ಎರಡು ಗಂಟೆಗೆ ಬೇಜಾರು, ಮಳೆ ಬಂದರೆ ಕೆಸರು. ಕಾಗದದ ಮಿಶ್‌ಲ್ಯಾಂ ನಕ್ಷೆ ತಗೊಳ್ಳಿ. ಕೆಂಪು ಗೆರೆ ಹೆದ್ದಾರಿ, ಹಳದಿ ಸುಮಾರು, ಬಿಳಿ ಗೆರೆ ನಮ್ಮದು. ಫೋನಿಗಿಂತ ಇದು ಮೇಲು. 'ಡಿ' ಅಕ್ಷರದ ರಸ್ತೆಗಳೆಲ್ಲ ಚಿಕ್ಕವು ಅಂತ ಅಂದುಕೊಳ್ಳುವವರು ಜಾಸ್ತಿ. ಹಳೆಯ ರಾಷ್ಟ್ರೀಯ ಹೆದ್ದಾರಿಗಳನ್ನೂ ಜಿಲ್ಲೆಗೆ ಕೊಟ್ಟು 'ಡಿ' ಮಾಡಿದ್ದಾರೆ. ಮರಾಂ ಮೂಲಕ ಹೋಗುವ ಡಿ 137 ಅಂಥದ್ದು, ಲಾರಿ ಸಾಲು. ಅಡ್ಡ ದಾಟಿ, ಅದರ ಮೇಲೆ ಹೋಗಬೇಡಿ. ಮರಾಂನಿಂದ ಲಾ ರೋಶೆಲ್‌ಗೆ ಹೇಗೂ ಕಾಲುವೆ ಪಕ್ಕದ ದಾರಿ ಇದೆ.

ಕಾನೂನು ನಮ್ಮ ಕಡೆಗಿದೆ. ಊರಾಚೆ ಸೈಕಲ್ ದಾಟುವ ಕಾರು ಒಂದೂವರೆ ಮೀಟರ್ ಜಾಗ ಬಿಡಬೇಕು. ಹಳ್ಳಿ ಕಡೆಯವರು ನಿಜಕ್ಕೂ ಬಿಡುತ್ತಾರೆ, ಹಿಂದೆಯೇ ಕಾಯುತ್ತಾರೆ, ಹಾರ್ನ್ ಇಲ್ಲ. ಸಿಲ್ಕ್ ಬೋರ್ಡ್ ನೋಡಿದವನಿಗೆ ಮೊದಲ ದಿನ ಭಯವೇ ಆಯಿತು, ಹಿಂದೆ ಇವನೇನು ಮಾಡ್ತಿದ್ದಾನೆ ಅಂತ! ಮಗಳಿಗೆ ಹೆಲ್ಮೆಟ್ ಬೇಕೇ ಬೇಕು, 12ರ ಒಳಗಿನ ಮಕ್ಕಳಿಗೆ ಅದು ಕಡ್ಡಾಯ.

ಸಮಯ ಸಿಕ್ಕರೆ ಗ್ವಾ ನೋಡಿ. ನ್ವಾರ್ಮೂತಿಯೇ ದ್ವೀಪಕ್ಕೆ ಸಮುದ್ರದ ತಳದಲ್ಲೇ ನಾಲ್ಕು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ರಸ್ತೆ. ನೀರು ಇಳಿದಾಗ ಮಾತ್ರ ಕಾಣುತ್ತದೆ. ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಹಿಂದೆ ಮುಂದೆ, ಅಷ್ಟೇ ಅವಕಾಶ. ದಾರಿಯ ಆರಂಭದಲ್ಲೇ ಬೋರ್ಡಿನಲ್ಲಿ ವೇಳೆ ಹಾಕಿರುತ್ತಾರೆ. ಕಲ್ಲು ಪಾಚಿಗಟ್ಟಿ ಜಾರುತ್ತದೆ. 1999ರ ಟೂರ್ ಡಿ ಫ್ರಾನ್ಸ್‌ನಲ್ಲಿ ಇಲ್ಲಿ ದೊಡ್ಡ ಗುಂಪೇ ಬಿತ್ತು, ಸ್ವಿಸ್ ಸವಾರ ಆಲೆಕ್ಸ್ ಝುಲೆ ಅವತ್ತು ಆರು ನಿಮಿಷ ಕಳೆದುಕೊಂಡರು. ನೀವು ಇಳಿದು ತಳ್ಳಿಕೊಂಡು ಹೋದರೆ ನಾಚಿಕೆ ಏನಿಲ್ಲ.

ಮಾರ್ಸೇಯಿಂದ ಒಬ್ಬರು

ಯಾರಾದರೂ ಕಾಮಾರ್ಗ್ ಅಂದರೆ ಜುಲೈನಲ್ಲಿ ಬೇಡ ಅನ್ನಿ. ಸಮುದ್ರದ ಕಟ್ಟೆ ಮೇಲಿನ ದಾರಿ, ಫ್ಲೆಮಿಂಗೊ ಎಲ್ಲ ನಿಜ. ಆದರೆ ಸೊಳ್ಳೆ ಬಟ್ಟೆ ಮೇಲಿಂದಲೇ ಕಚ್ಚುತ್ತದೆ, ನೆರಳಿಲ್ಲ, ಮಿಸ್ತ್ರಾಲ್ ಗಾಳಿ ಎದ್ದರೆ ಸೈಕಲ್ ನಿಂತಲ್ಲೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಬನ್ನಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಕಾಮಾರ್ಗ್ ಕೈಬಿಟ್ಟೆವು. ಕೂಲೋಂನಲ್ಲಿ ನಾಲ್ಕು ದಿನ ಒಂದೇ ಮನೆ ಹಿಡಿದು ಸುತ್ತಾಡಿ, ಆಮೇಲೆ ಲಾ ರೋಶೆಲ್ ಅಂತ ಯೋಚನೆ. ಸೈಕಲ್ ಪ್ಯಾರಿಸ್‌ನಿಂದ ಹೊತ್ತುಕೊಂಡು ಹೋಗಬೇಕಾ? ಇನ್ನೊಂದು, ನಾವು ಸಸ್ಯಾಹಾರಿಗಳು. ಮೊಟ್ಟೆ ನಡೆಯುತ್ತದೆ.

ನಿಯೋರ್‌ನಲ್ಲಿ ಇದ್ದವರು

ಹೊರಬೇಡಿ. ಟಿಜಿವಿ ಅನ್ನುವ ಅತಿವೇಗದ ರೈಲಿನಲ್ಲಿ ಸೈಕಲ್‌ಗೆ ಬೇರೆ ಬುಕ್ ಮಾಡಬೇಕು, ರಜೆಯಲ್ಲಿ ಜಾಗ ಬೇಗ ಖಾಲಿ. ಕೂಲೋಂನಲ್ಲೇ ಬಾಡಿಗೆ ಸಿಗುತ್ತದೆ. ಮಗಳ ಸೈಜಿನದು ಮೊದಲೇ ಹೇಳಿಡಿ, ಬ್ರೇಕ್ ಹಿಡಿದು ನೋಡಿ, ಟಯರ್ ಸ್ವಲ್ಪ ದಪ್ಪಗಿರಲಿ. ಲಾ ರೋಶೆಲ್‌ಗೆ ಅದರಲ್ಲೇ ಹೋಗುವುದಾದರೆ ಅಲ್ಲೇ ಬಿಡಬಹುದಾ ಅಂತ ಕೇಳಿಕೊಳ್ಳಿ.

ಊಟದ್ದು ಸ್ವಲ್ಪ ಜೋಪಾನ. ಅಲ್ಲಿನ ಮೋಜೆತ್ ಅಂದರೆ ಬಿಳಿ ಹುರುಳಿಕಾಯಿ ಬೀಜ, ಬೇಯಿಸಿದರೆ ಬೆಣ್ಣೆ ಹಾಗೆ. ಆದರೆ ಎಷ್ಟೋ ಕಡೆ ಹಂದಿ ಮಾಂಸ ಹಾಕಿಯೇ ಬೇಯಿಸುತ್ತಾರೆ. ನಮಗೆ ಗೊತ್ತಾಗಿದ್ದು ಎರಡನೇ ಚಮಚಕ್ಕೆ. "ಸಾನ್ ವಿಯಾಂದ್" (ಮಾಂಸ ಬೇಡ) ಅಂತ ಹೇಳಿದರೆ ಸಾಲದು, "ಸಾನ್ ಜಾಂಬೋಂ" (ಹಂದಿ ಹ್ಯಾಮ್ ಬೇಡ) ಅಂತಲೂ ಕೇಳಿ. ಮೇಕೆ ಹಾಲಿನ ಚೀಸು, ಪ್ರೆಫು ಅಂತ ಬೆಳ್ಳುಳ್ಳಿ-ಬೆಣ್ಣೆ ಬ್ರೆಡ್ಡು ಧೈರ್ಯವಾಗಿ ತಿನ್ನಿ. ಸಂತೆಯಲ್ಲಿ ತೂರ್ತೋ ಫ್ರೊಮಾಜೆ ಕೇಳಿ. ನೋಡಿದರೆ ಒಲೆಯಲ್ಲಿ ಮರೆತು ಸೀದುಹೋದ ರೊಟ್ಟಿ ಥರ ಕರ್ರಗೆ ಉಬ್ಬಿರುತ್ತದೆ. ನನ್ನ ಹೆಂಡತಿ ವಾಪಸ್ ಕೊಡಲು ಹೊರಟಿದ್ದಳು. ಒಳಗೆ ಮೇಕೆ ಚೀಸಿನ ಮೆತ್ತಗಿನ ಕೇಕ್.

ಅಂದಹಾಗೆ ನಿಮ್ಮ ವಾರದಲ್ಲಿ ಜುಲೈ 14 ಬರುತ್ತದೆ. ರಾಷ್ಟ್ರೀಯ ಹಬ್ಬ, ಅಂಗಡಿ ಬಹಳಷ್ಟು ಬಂದ್. ಹಿಂದಿನ ಸಂಜೆಯೇ ಬ್ರೆಡ್ಡು ತಂದಿಡಿ. ಬಾಟಲಿ ಖಾಲಿಯಾದರೆ ಊರಿನ ಸ್ಮಶಾನಕ್ಕೆ ಹೋಗಿ. ಹೌದು, ಸ್ಮಶಾನವೇ! ಹೂಗಿಡಗಳಿಗೆ ಅಂತ ಗೇಟಿನ ಹತ್ತಿರ ನಲ್ಲಿ ಇಟ್ಟಿರುತ್ತಾರೆ. ಕುಡಿಯಬಾರದು ಅಂತ ಬೋರ್ಡ್ ಇದೆಯಾ ನೋಡಿಕೊಂಡು ಹಿಡಿದುಕೊಳ್ಳಿ. ನಮ್ಮ ಅಮ್ಮನಿಗೆ ಮಾತ್ರ ಇದನ್ನು ಇನ್ನೂ ಹೇಳಿಲ್ಲ.