ಅಪ್‌ಡೇಟ್: ಜರ್ಮನಿಯ ಮನೆಯಲ್ಲಿ ಈಗ ಹೊಂದಿಕೊಂಡಿದ್ದೇನೆ

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಲೈಪ್‌ಜಿಗ್‌ಗೆ ಓ ಪೇರ್ ಆಗಿ (ಅಂದರೆ ಇಲ್ಲಿನ ಒಂದು ಕುಟುಂಬದ ಮನೆಯಲ್ಲೇ ಇದ್ದು ಅವರ ಮಕ್ಕಳನ್ನು ನೋಡಿಕೊಳ್ಳಲು) ಬಂದಿದ್ದೇನೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ರಾತ್ರಿವರೆಗೂ ಎಳೆಯುತ್ತಿದೆ, ಮನೆಯವರಿಗೆ ಹೇಗೆ ಹೇಳಲಿ ಅಂತ? ಈಗ ಸರಿಹೋಗಿದೆ.

ನೀವು ಹೇಳಿದ್ದರಲ್ಲಿ ಉಪಯೋಗಕ್ಕೆ ಬಂದದ್ದು "ಒಂದು ವಾರ ಕೆಲಸದ ಗಂಟೆ ಬರೆದಿಡು" ಎಂಬ ಸಲಹೆ. ಕೂಡಿ ನೋಡಿದರೆ 38 ಗಂಟೆ! ಇಲ್ಲಿನ ನಿಯಮದ ಪ್ರಕಾರ ಓ ಪೇರ್‌ಗೆ ವಾರಕ್ಕೆ 30 ಗಂಟೆ, ದಿನಕ್ಕೆ 6 ಗಂಟೆಗಿಂತ ಜಾಸ್ತಿ ಕೆಲಸ ಇರಬಾರದು. ಭಾನುವಾರ ಕಾಫಿಗೆ ಕೂತಾಗ ಆ ಹಾಳೆ ತೋರಿಸಿದೆ. ಅಷ್ಟಾಗುತ್ತಿದೆ ಅಂತ ಅವರಿಗೂ ಗೊತ್ತಿರಲಿಲ್ಲ, ಪಾಪ. ಅಂದೇ ವೇಳಾಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದರು. ಸಂಜೆ ಜರ್ಮನ್ ಕ್ಲಾಸಿಗೂ ಹೋಗುತ್ತಿದ್ದೇನೆ.

"ಸುಮ್ನೆ ಇರು, ತಾನಾಗೇ ಸರಿಹೋಗುತ್ತೆ" ಎಂಬ ಮಾತು ಮಾತ್ರ ಫಲ ಕೊಡಲಿಲ್ಲ. ಎರಡು ವಾರ ಅತ್ತಿದ್ದೇ ಬಂತು.

ಇನ್ನೊಂದು ವಿಷಯ. ರಾತ್ರಿ ಬರೀ ಬ್ರೆಡ್ಡು, ಚೀಸ್, ಸೌತೆಕಾಯಿ ಇಡುತ್ತಿದ್ದರು. ನನ್ನ ಮೇಲೆ ಬೇಸರವೇನೋ ಅಂದುಕೊಂಡಿದ್ದೆ. ಅಲ್ಲ, ಅದಕ್ಕೆ ಆಬೆಂಡ್‌ಬ್ರೋಟ್ ಅಂತಾರೆ, ಇಲ್ಲಿ ಎಷ್ಟೋ ಮನೆಗಳ ವಾಡಿಕೆಯೇ ಅದು. ಈಗ ಶನಿವಾರ ನಾನು ಚಿತ್ರಾನ್ನ ಮಾಡುತ್ತೇನೆ. ಚಿಕ್ಕವಳು ಕಡಲೆಬೀಜ ಆರಿಸಿ ಆರಿಸಿ ತಿನ್ನುತ್ತಾಳೆ.